ವಾರ್ಡ್‌ನವರು ಗೊಂಬೆ ಬೇಡ ಅಂದರು. ಹಾಗಾದರೆ ಆಸ್ಪತ್ರೆಯ ಮಕ್ಕಳಿಗೆ ಏನು ಕೊಡಬೇಕು?

ಗುಬ್ಬಿಗೂಡು:
ಎಲ್ಲರಿಗೂ ನಮಸ್ಕಾರ. ನನಗೆ 17 ವರ್ಷ. ಚಿಕ್ಕವಳಿದ್ದಾಗ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಆಗಿ ಮಕ್ಕಳ ವಾರ್ಡ್‌ನಲ್ಲಿ ತುಂಬಾ ಕಾಲ ಇದ್ದೆ. ಈಗ ಆರಾಮಾಗಿದ್ದೇನೆ. ಅಂಥ ಮಕ್ಕಳಿಗೆ ಏನಾದರೂ ಮಾಡೋಣ ಅಂತ ಗೆಳತಿಯರು ಸೇರಿ ಒಂದು ಚಿಕ್ಕ ತಂಡ ಕಟ್ಟಿದ್ದೇವೆ. ಹೊಸದಾಗಿ ಅಡ್ಮಿಟ್ ಆಗುವ ಪ್ರತಿ ಮಗುವಿಗೂ ಒಂದು ಚೀಲ. ಅದರಲ್ಲಿ ಗೊಂಬೆ, ಪುಸ್ತಕ, ಬಣ್ಣ, ಚಾಕೊಲೇಟ್.

ಗುರುತಿನವರೆಲ್ಲ ಮನೆಯಲ್ಲಿದ್ದ ಮೆತ್ತನೆ ಗೊಂಬೆಗಳನ್ನು ಪ್ರೀತಿಯಿಂದ ಕೊಟ್ಟರು. ಒಂದು ಕೋಣೆ ತುಂಬಿದೆ. ತಗೊಂಡು ಹೋದರೆ ವಾರ್ಡ್ ಸಿಸ್ಟರ್, ಬಳಸಿದ ಗೊಂಬೆ ಒಂದೂ ಒಳಗೆ ಬರೋ ಹಾಗಿಲ್ಲ, ತಿಂಡಿನೂ ಬೇಡ ಅಂದುಬಿಟ್ಟರು. ಗೆಳತಿಯರಿಗೆ ಸಿಟ್ಟು ಬಂದಿದೆ. ಬೇರೆ ಆಸ್ಪತ್ರೆ ನೋಡೋಣ ಅಂತಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ.

ಮಕ್ಕಳಿಗೆ ನಿಜಕ್ಕೂ ಏನು ಬೇಕಾಗುತ್ತದೆ? ನಮ್ಮ ವಯಸ್ಸಿನವರು ಸಂಸ್ಥೆ ಅಂತ ಮಾಡಬಹುದಾ? ಇನ್ನೊಂದು, ಕೊಟ್ಟವರೆಲ್ಲ ಮಕ್ಕಳ ಜೊತೆ ಫೋಟೋ ಕಳಿಸಿ ಅಂತಿದ್ದಾರೆ. ಏನು ಹೇಳಲಿ?

ರಾತ್ರಿಪಾಳಿ:
ಮಕ್ಕಳ ವಾರ್ಡ್‌ನಲ್ಲಿ ನರ್ಸ್ ನಾನು. ಆ ಸಿಸ್ಟರ್ ಹೇಳಿದ್ದು ಸರಿ ಇದೆ ತಂಗಿ. ನಿನಗೂ ಗೊತ್ತಿರಬೇಕು, ಕೀಮೋ (ಕ್ಯಾನ್ಸರ್‌ನ ಔಷಧಿ) ಆದ ಮೇಲೆ ಬಿಳಿ ರಕ್ತಕಣ ಇಳಿದು ಹೋಗುತ್ತದೆ. ಆಗ ಬೇರೆಯವರಿಗೆ ಏನೂ ಮಾಡದ ಕ್ರಿಮಿಯೂ ಆ ಮಗುವಿಗೆ ಜ್ವರ ತರಿಸುತ್ತದೆ. ಮೆತ್ತನೆ ಗೊಂಬೆ ಒಳಗೆಲ್ಲ ಹತ್ತಿ, ನಾರು. ಎಂಜಲು, ತೇವ, ಧೂಳು ಎಲ್ಲ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಆದರೆ ಒರೆಸಬಹುದು, ಇದನ್ನು ಹೇಗೆ ಒರೆಸೋದು?

ಆಸ್ಟ್ರೇಲಿಯಾದ ಒಂದು ಮಕ್ಕಳ ಕ್ಯಾನ್ಸರ್ ವಾರ್ಡ್‌ನಲ್ಲಿ ಔಷಧಿಗೆ ಬಗ್ಗದ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿತ್ತು. ಮೂಲ ಹುಡುಕಿದಾಗ ಸಿಕ್ಕಿದ್ದು ನೀರು ತುಂಬಿಕೊಳ್ಳುವ ಸ್ನಾನದ ಗೊಂಬೆಗಳು. 1998ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಹೊರಗಿಂದ ನೋಡಿದರೆ ಗೊಂಬೆ ಕ್ಲೀನಾಗೇ ಕಾಣುತ್ತದೆ, ಒಳಗೆ ನೀರು ನಿಂತಿರುತ್ತದೆ.

ಗೊಂಬೆ ಕೊಡಲೇಬೇಕು ಅಂದರೆ ಹೊಸದು, ಪ್ಯಾಕ್ ಒಡೆಯದ್ದು, ಮೆಷಿನ್‌ನಲ್ಲಿ ಒಗೆಯಲು ಬರುವಂಥದ್ದು. ಒಂದು ಮಗುವಿಗೆ ಕೊಟ್ಟಿದ್ದು ಆ ಮಗುವಿಗೇ, ಅದು ಮನೆಗೆ ಹೋಗುವಾಗ ಗೊಂಬೆಯೂ ಜೊತೆಗೆ ಹೋಗಬೇಕು. ಅದೂ ವಾರ್ಡ್‌ನವರು ಒಪ್ಪಿದರೆ ಮಾತ್ರ.

ಸುಮ್ನೆಒಬ್ಬ:
ಗೊಂಬೆಯಿಂದ ಸೋಂಕು ಅಂದರೆ ಸ್ವಲ್ಪ ಜಾಸ್ತಿ ಆಯ್ತು. ನಾವೆಲ್ಲ ಮಣ್ಣಲ್ಲಿ ಹೊರಳಾಡಿ ಬೆಳೆದವರು.

ರಾತ್ರಿಪಾಳಿ:
@ಸುಮ್ನೆಒಬ್ಬ ನೀವು ಹೊರಳಾಡುವಾಗ ನಿಮ್ಮ ಎದೆಗೆ ಸೆಂಟ್ರಲ್ ಲೈನ್ (ಔಷಧಿ ಹೋಗಲು ದೊಡ್ಡ ರಕ್ತನಾಳಕ್ಕೆ ಇಡುವ ನಳಿಗೆ) ಹಾಕಿರಲಿಲ್ಲ ಸರ್.

ಸುಮ್ನೆಒಬ್ಬ:
ಸರಿ ಮೇಡಂ. ಸುಮ್ಮನಾದೆ.

ದಡ್ಡಮ್ಮ:
ನನ್ನ ಮಗನಿಗೆ ಕಿಡ್ನಿ ತೊಂದರೆ. ಆಸ್ಪತ್ರೆ ನಮಗೆ ಎರಡನೇ ಮನೆ ಥರ. ತಾಯಿಯಾಗಿ ಹೇಳ್ತೀನಿ, ಗೊಂಬೆಗೆ ಬರವೇ ಇಲ್ಲ. ಹಬ್ಬ ಹರಿದಿನ ಬಂತು ಅಂದರೆ ಒಂದೇ ದಿನ ಮೂರು ಗುಂಪು ಬಂದು ಮೂರು ಕರಡಿ ಕೊಟ್ಟು ಹೋಗುತ್ತಾರೆ. ಮಂಚದಲ್ಲಿ ಮಗುವಿಗೆ ಜಾಗ ಇರುವುದಿಲ್ಲ. ಮಾರನೇ ದಿನ ಒಬ್ಬರೂ ಇಲ್ಲ.

ತಿಂಡಿ ವಿಷಯಕ್ಕೆ ಬಂದರೆ ಸಿಸ್ಟರ್‌ಗೆ ನನ್ನ ಪೂರ್ತಿ ಬೆಂಬಲ. ನನ್ನ ಮಗನಿಗೆ ಉಪ್ಪು, ಪೊಟ್ಯಾಸಿಯಂ, ಕುಡಿಯುವ ನೀರು ಎಲ್ಲ ಅಳತೆ. ಚಾಕೊಲೇಟ್‌ನಲ್ಲೂ ಪೊಟ್ಯಾಸಿಯಂ ಇದೆ. ಪಕ್ಕದ ಮಂಚದ ಹುಡುಗಿಗೆ ಆಪರೇಷನ್ ಇತ್ತು, ಬೆಳಗಿನಿಂದ ಏನೂ ಕೊಡೋ ಹಾಗಿಲ್ಲ. ಅಂಥ ಹೊತ್ತಲ್ಲಿ ಯಾರೋ ನಗುನಗುತ್ತಾ ಬಂದು ಎಲ್ಲರ ಕೈಗೂ ಚಾಕೊಲೇಟ್ ಇಟ್ಟರು. ಆಮೇಲೆ ಕಿತ್ತುಕೊಂಡು ಕೆಟ್ಟವರಾಗಿದ್ದು ನಾವು ಅಮ್ಮಂದಿರು.

ಏನು ಬೇಕು ಅಂತ ನೀನು ಕೇಳಿದೆಯಲ್ಲ, ಹೇಳ್ತೀನಿ. ರಾತ್ರೋರಾತ್ರಿ ಅಡ್ಮಿಟ್ ಆಗುವ ಅಪ್ಪ ಅಮ್ಮನ ಹತ್ತಿರ ಏನೂ ಇರುವುದಿಲ್ಲ. ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಸ್ಯಾನಿಟರಿ ಪ್ಯಾಡ್, ಒಂದು ಪೆನ್ನು, ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳೋಕೆ ಒಂದು ಪುಟ್ಟ ನೋಟ್‌ಬುಕ್. ಅಮ್ಮ ಒಂದು ಚೂರು ಸುಧಾರಿಸಿಕೊಂಡರೆ ಮಗುವೂ ಸುಧಾರಿಸಿಕೊಳ್ಳುತ್ತದೆ. ಇದನ್ನು ಯಾರೂ ಕೊಡಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಲ್ವಾ, ಅದಕ್ಕೇ ಇರಬೇಕು.

ಕಹಿಬೇವು:
ನಿಜ ಹೇಳಲಾ? ಈ ವಯಸ್ಸಿನ ಮಕ್ಕಳ "ಸಂಸ್ಥೆ"ಗಳು ಮುಕ್ಕಾಲು ಪಾಲು ಕಾಲೇಜು ಅರ್ಜಿಗೆ. ಸೀಟು ಸಿಕ್ಕ ಮೇಲೆ ಸಂಸ್ಥೆಯೂ ಇಲ್ಲ, ಸೇವೆಯೂ ಇಲ್ಲ.

ದಡ್ಡಮ್ಮ:
@ಕಹಿಬೇವು ಆ ಹುಡುಗಿ ಅದೇ ವಾರ್ಡ್‌ನಲ್ಲಿ ಮಲಗಿ ಎದ್ದು ಬಂದವಳು. ಮೊದಲ ಸಾಲು ಓದಿದಿರಾ?

ಕಹಿಬೇವು:
ಓದಿದೆ. ಅವಳ ಬಗ್ಗೆ ಹೇಳಿಲ್ಲ, ಒಟ್ಟಾರೆ ಹೇಳಿದೆ. ಅವಳು ಕಾಲೇಜಿಗೆ ಬೇರೆ ಊರಿಗೆ ಹೋದರೆ ಮುಂದೆ ಯಾರು ನಡೆಸುತ್ತಾರೆ? ಪ್ರಶ್ನೆ ಇಷ್ಟೇ.

ಗುಬ್ಬಿಗೂಡು:
@ಕಹಿಬೇವು ಅರ್ಜಿಯಲ್ಲಿ ಹಾಕಿದರೆ ತಪ್ಪೇನು ಸರ್? ಕೆಲಸ ಮಾಡಿದ್ದರೆ ಹಾಕುತ್ತೇನೆ. ಆದರೆ ಮುಂದೆ ಯಾರು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದನ್ನು ಯೋಚನೆ ಮಾಡಿರಲಿಲ್ಲ.

ಲೆಕ್ಕಪತ್ರ:
ಆ ಪ್ರಶ್ನೆ ಒರಟಾಗಿ ಬಂತು, ಆದರೆ ಒಳ್ಳೆಯದೇ. 18 ತುಂಬದವರು ಒಪ್ಪಂದಕ್ಕೆ ಸಹಿ ಹಾಕುವುದು, ಸಂಸ್ಥೆಯ ಹೊಣೆ ಹೊರುವುದು ಹೆಚ್ಚಿನ ಕಡೆ ಆಗುವುದಿಲ್ಲ. ಅದಕ್ಕೆ ಸಂಸ್ಥೆ ಅಂತ ಹೆಸರು, ಲೋಗೋ, ನೋಂದಣಿ ಹಿಂದೆ ಈಗಲೇ ಓಡಬೇಡ. ಮಕ್ಕಳ ಆರೋಗ್ಯದ ಮೇಲೆ ಆಗಲೇ ಕೆಲಸ ಮಾಡುತ್ತಿರುವ ಒಂದು ಸಂಸ್ಥೆಯ ಕೆಳಗೆ, ಅದರ ಒಂದು ಯೋಜನೆಯಾಗಿ ಸೇರಿಕೋ. ರಸೀದಿ ಅವರದ್ದು, ಲೆಕ್ಕ ತಪಾಸಣೆ ಅವರದ್ದು. ನೀನು ಬೇರೆ ಊರಿಗೆ ಹೋದರೂ ಕೆಲಸ ನಿಲ್ಲುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಜನರ ದುಡ್ಡನ್ನು ನಿನ್ನ ಅಥವಾ ಅಪ್ಪನ ಖಾತೆಗೆ ಹಾಕಿಸಿಕೊಳ್ಳಬೇಡ. ಎಷ್ಟೇ ಪ್ರಾಮಾಣಿಕಳಾದರೂ ನಾಳೆ ಲೆಕ್ಕ ತೋರಿಸುವಾಗ ಕಷ್ಟ. ವಸ್ತುಗಳಿಗೂ ಒಂದು ಪುಸ್ತಕ ಇಡು, ಏನು ಬಂತು, ಎಲ್ಲಿಗೆ ಹೋಯ್ತು ಅಂತ.

ವಯಸ್ಸಿನ ಬಗ್ಗೆ ಕೀಳಾಗಿ ನೋಡುವವರಿಗೆ: ಅಮೆರಿಕದ ಅಲೆಕ್ಸಾಂಡ್ರಾ ಸ್ಕಾಟ್ 2000ದಲ್ಲಿ ನಿಂಬೆ ಪಾನಕದ ಅಂಗಡಿ ಇಟ್ಟಾಗ ಅವಳಿಗೆ ನಾಲ್ಕು ವರ್ಷ. ಅವಳಿಗೇ ನ್ಯೂರೋಬ್ಲಾಸ್ಟೋಮಾ ಅನ್ನುವ ಮಕ್ಕಳ ಕ್ಯಾನ್ಸರ್ ಇತ್ತು. ಮೊದಲ ಸಲ ಸುಮಾರು 2,000 ಡಾಲರ್ ಬಂತು. 2004ರಲ್ಲಿ, ಎಂಟನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಪಾನಕದ ಹೆಸರಲ್ಲಿ ಹತ್ತು ಲಕ್ಷ ಡಾಲರ್ ದಾಟಿತ್ತು. ಅವಳ ಹೆಸರಿನ ಸಂಸ್ಥೆ ಇವತ್ತಿಗೂ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡುತ್ತಿದೆ. ಹಿಂದೆ ದೊಡ್ಡವರು ಗಟ್ಟಿಯಾಗಿ ನಿಂತಿದ್ದರಿಂದ ಇದು ಆಯ್ತು.

ಹದಿನಾಲ್ಕರಲ್ಲಿ:
ನಾನು 14ನೇ ವಯಸ್ಸಿನಲ್ಲಿ ಅಪಘಾತವಾಗಿ ಕಾಲು ಮುರಿದುಕೊಂಡು ಮಕ್ಕಳ ವಾರ್ಡ್‌ನಲ್ಲಿದ್ದೆ. ಗೋಡೆ ತುಂಬಾ ಆನೆ, ಮೊಲ. ಒಬ್ಬರು ಆಂಟಿ ಬಂದು ನನಗೆ ಗಿಲಕಿ ಕೊಟ್ಟರು. ಗಿಲಕಿ! ಆಗಲೇ ಮೀಸೆ ಚಿಗುರಿತ್ತು.

ದೊಡ್ಡ ಮಕ್ಕಳನ್ನು ಎಲ್ಲರೂ ಮರೆಯುತ್ತಾರೆ. ಚಿಕ್ಕವರ ಜೊತೆಗೂ ಸೇರಲ್ಲ, ದೊಡ್ಡವರ ವಾರ್ಡ್‌ಗೂ ಸೇರಲ್ಲ. ನನಗೆ ಬೇಕಿದ್ದದ್ದು ಇಯರ್‌ಫೋನ್, ಕಣ್ಣಿಗೆ ಪಟ್ಟಿ (ರಾತ್ರಿಯಿಡೀ ಲೈಟು ಉರಿಯುತ್ತೆ), ಉದ್ದದ ಚಾರ್ಜರ್ ವೈರು. ಪ್ಲಗ್ ಯಾವಾಗಲೂ ಮಂಚದಿಂದ ದೂರ ಇರುತ್ತೆ. ಅದನ್ನು ಹಾಗೆ ಇಟ್ಟವರನ್ನು ಒಂದು ದಿನ ಆ ಮಂಚದಲ್ಲಿ ಮಲಗಿಸಬೇಕು.

ರಾತ್ರಿಪಾಳಿ:
ಉದ್ದದ ವೈರು ನೆಲದ ಮೇಲೆ ಬಿದ್ದರೆ ಎಡವುವವರು ನಾವು 🙂 ಕರೆಂಟಿನ ವಸ್ತು ಏನೇ ಇದ್ದರೂ ಆಸ್ಪತ್ರೆಯ ಎಲೆಕ್ಟ್ರಿಕಲ್ ವಿಭಾಗದವರಿಗೆ ತೋರಿಸಿಯೇ ಕೊಡಬೇಕು. ಕಣ್ಣಿನ ಪಟ್ಟಿ ಒಳ್ಳೆಯ ಯೋಚನೆ.

ಶಬ್ದ ಮಾಡುವ, ಲೈಟು ಬರುವ ಆಟಿಕೆ ಕೊಡುವವರು ಒಂದು ನೋಡಿಕೊಳ್ಳಿ. ಒಳಗೆ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಅದನ್ನು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಹುದು. ಸ್ಕ್ರೂ ಹಾಕಿ ಮುಚ್ಚಿರದ ಆಟಿಕೆ ವಾರ್ಡ್‌ಗಷ್ಟೇ ಅಲ್ಲ, ಮನೆಗೂ ಬೇಡ.

ಪುಗ್ಗೆಮಾಮ:
ನಾವು ಮಕ್ಕಳ ವಾರ್ಡ್‌ಗೆ ಬಲೂನ್ ಕೊಡ್ತಿದ್ದೆವು, ಅದೂ ನಿಲ್ಲಿಸಿದರು. ಬಲೂನ್‌ನಲ್ಲಿ ಏನಿದೆ?

ರಾತ್ರಿಪಾಳಿ:
@ಪುಗ್ಗೆಮಾಮ ರಬ್ಬರ್ ಬಲೂನ್ ಲೇಟೆಕ್ಸ್. ಹುಟ್ಟಿನಿಂದ ಬೆನ್ನುಹುರಿಯ ದೋಷ ಇದ್ದು ಪದೇ ಪದೇ ಆಪರೇಷನ್ ಆದ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಜಾಸ್ತಿ. ಉಸಿರೇ ಕಟ್ಟಬಹುದು. ಒಡೆದ ಚೂರು ಚಿಕ್ಕ ಮಗು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟಿಕೊಳ್ಳುತ್ತದೆ.

ಪುಗ್ಗೆಮಾಮ:
ಅಯ್ಯೋ. ಇದನ್ನು ಅವತ್ತೇ ಹೇಳಿದ್ದರೆ ನಾನು ಜಗಳ ಆಡ್ತಿರಲಿಲ್ಲ.

ಕೆಂಪುಮೂಗು:
ಆಸ್ಪತ್ರೆಯಲ್ಲಿ ವಿದೂಷಕನಾಗಿ ಹೋಗುವವನು ನಾನು. ಕ್ಲೌನ್ ಡಾಕ್ಟರ್ ಅಂತಾರಲ್ಲ, ಅದು. 1986ರಲ್ಲಿ ನ್ಯೂಯಾರ್ಕ್‌ನ ಬಿಗ್ ಆ್ಯಪಲ್ ಸರ್ಕಸ್‌ನ ಮೈಕೆಲ್ ಕ್ರಿಸ್ಟೆನ್‌ಸನ್ ತರಬೇತಾದ ವಿದೂಷಕರನ್ನು ಆಸ್ಪತ್ರೆಗೆ ಕಳಿಸುವ ಪದ್ಧತಿ ಶುರು ಮಾಡಿದರು. ಈಗ ಎಷ್ಟೋ ದೇಶಗಳಲ್ಲಿದೆ.

ನಮಗೆ ಮೊದಲು ಕಲಿಸಿದ್ದು ನಗಿಸೋದಲ್ಲ, ಬಾಗಿಲಲ್ಲಿ ನಿಲ್ಲೋದು. ಬಾಗಿಲು ತಟ್ಟಿ, ಒಳಗೆ ಬರಲಾ ಅಂತ ಮಗುವನ್ನೇ ಕೇಳಬೇಕು. ಅಪ್ಪನನ್ನಲ್ಲ, ಅಮ್ಮನನ್ನಲ್ಲ. ಬೇಡ ಅಂದರೆ ವಾಪಸ್ ಹೋಗಬೇಕು. ಯೋಚನೆ ಮಾಡಿ, ಆಸ್ಪತ್ರೆಯಲ್ಲಿ ಮಗು ಯಾವುದಕ್ಕೆ ಬೇಡ ಅನ್ನಬಹುದು? ಸೂಜಿಗೆ ಅನ್ನೋ ಹಾಗಿಲ್ಲ, ಔಷಧಿಗೆ ಅನ್ನೋ ಹಾಗಿಲ್ಲ, ಬೆಳಗಿನ ಜಾವ ರಕ್ತ ತೆಗೆಯುವವರಿಗೂ ಅನ್ನೋ ಹಾಗಿಲ್ಲ. ನನಗೆ ಅನ್ನಬಹುದು. ಒಬ್ಬ ಹುಡುಗ ನನ್ನನ್ನು ಪ್ರತಿ ಸಲವೂ ಹೊರಗೆ ಕಳಿಸುತ್ತಿದ್ದ. ನಾನು ಅಳುವ ಮುಖ ಮಾಡಿ ಬಾಗಿಲಿಗೆ ಡಿಕ್ಕಿ ಹೊಡೆದುಕೊಂಡು ಹೋಗುತ್ತಿದ್ದೆ. ನಾನು ಯಾವಾಗ ಬರ್ತೀನಿ ಅಂತ ಅವನು ಸಿಸ್ಟರ್ ಹತ್ತಿರ ಕೇಳುತ್ತಿದ್ದನಂತೆ, ಮತ್ತೆ ಓಡಿಸೋಕೆ!

ಅದಕ್ಕೆ ಗುಬ್ಬಿಗೂಡು, ಎಲ್ಲ ತುಂಬಿ ಕಟ್ಟಿದ ಚೀಲ ಕೊಡಬೇಡ. ಒಂದು ತಟ್ಟೆಯಲ್ಲೋ ಗಾಡಿಯಲ್ಲೋ ಐದಾರು ಬಗೆ ಇಟ್ಟು, ಯಾವುದು ಬೇಕು ಅಂತ ಕೇಳು. ಏನೂ ಬೇಡ ಅಂದರೆ ಅದೂ ಸರಿ.

ಅಂಚೆಪೆಟ್ಟಿಗೆ:
ಕ್ಲೌನ್ ಕಂಡರೆ ನನಗೆ ಈಗಲೂ ಭಯ. ನನ್ನ ಮಂಚದ ಹತ್ತಿರ ಬಂದರೆ ನಾನೇ ಐಸಿಯುಗೆ ಹೋಗ್ತೀನಿ.

ಕೆಂಪುಮೂಗು:
@ಅಂಚೆಪೆಟ್ಟಿಗೆ ನಿಮ್ಮಂಥವರು ತುಂಬಾ ಜನ. ಬಾಗಿಲಲ್ಲಿ ಕೇಳೋದು ಅದಕ್ಕೂ ಹೌದು. ಈಗ ಮುಖಕ್ಕೆ ಬಿಳಿ ಬಣ್ಣ ಬಳಿಯುವವರು ಕಮ್ಮಿ, ಬರೀ ಮೂಗು ಸಾಕು.

ಹಳೇಹೊತ್ತಿಗೆ:
ಸ್ವಲ್ಪ ಇತಿಹಾಸ ಹೇಳ್ತೀನಿ, ಬೇಡದವರು ಮುಂದಕ್ಕೆ ಹೋಗಿ. ಒಂದು ಕಾಲಕ್ಕೆ ಬ್ರಿಟನ್‌ನ ಎಷ್ಟೋ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ಮಗುವನ್ನು ವಾರಕ್ಕೊಮ್ಮೆ ನೋಡಿದರೆ ಹೆಚ್ಚು. ನೋಡಿ ಹೋದ ಮೇಲೆ ಮಗು ಅಳುತ್ತದೆ, ಆದ್ದರಿಂದ ಬರದೇ ಇರುವುದೇ ಒಳ್ಳೆಯದು ಅಂತ ವಾದ! ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಚಿಕ್ಕ ಆಪರೇಷನ್‌ಗೆ ಬಂದ ಎರಡು ವರ್ಷದ ಹುಡುಗಿಯನ್ನು ಎಂಟು ದಿನ ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಮಗು ಸುಮ್ಮನಾಗಿದೆ ಅಂದರೆ ಸಮಾಧಾನವಾಗಿದೆ ಅಂತಲ್ಲ ಅನ್ನುವುದು ಅದರಲ್ಲಿ ಕಣ್ಣಿಗೆ ಕಾಣುತ್ತಿತ್ತು. ಡಾಕ್ಟರುಗಳಲ್ಲಿ ಹಲವರಿಗೆ ಸಿಟ್ಟು ಬಂತು. ಆಮೇಲೆ 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದರ ಪ್ಲಾಟ್ ವರದಿ, ಹೊತ್ತಿನ ಕಟ್ಟು ಇಲ್ಲದೆ ಮಕ್ಕಳನ್ನು ನೋಡಲು ಬಿಡಿ, ತಾಯಿಗೆ ಉಳಿಯಲು ಅವಕಾಶ ಕೊಡಿ ಅಂದಿತು. 1988ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಆಸ್ಪತ್ರೆಯ ಮಕ್ಕಳ ಹಕ್ಕುಗಳ ಬಗ್ಗೆ ಹತ್ತು ಅಂಶಗಳ ಸನ್ನದು ಆಯ್ತು. ಮರುವರ್ಷ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, ಅದರ 31ನೇ ವಿಧಿ ಆಟದ ಹಕ್ಕು.

ಹಾಗಾಗಿ ಮಗುವಿಗೆ ಆಟ ಕೊಡುವುದು ದಾನ ಅಲ್ಲ. ಆಸ್ಪತ್ರೆಯೇ ಮಾಡಬೇಕಾದ ಕೆಲಸ. ಹದಿನೇಳರ ಹುಡುಗಿಯರು ಆ ತೂತು ಮುಚ್ಚಬೇಕಾಗಿ ಬಂದಿದೆ ಅನ್ನುವುದೇ ನನಗೆ ಬೇಸರ.

ಕಹಿಬೇವು:
@ಹಳೇಹೊತ್ತಿಗೆ ಹಕ್ಕು ಅಂತ ಕಾಗದದಲ್ಲಿ ಬರೆದರೆ ಮಗುವಿನ ಕೈಗೆ ಬಣ್ಣ ಬರುತ್ತಾ? ವ್ಯವಸ್ಥೆ ಸರಿಹೋಗುವವರೆಗೆ ಯಾರಾದರೂ ಕೊಡಲೇಬೇಕು.

ದಡ್ಡಮ್ಮ:
ಅರೆ, ಈಗ ನೀವೇ ಸಂಸ್ಥೆಯ ಪರ ಮಾತಾಡ್ತಿದ್ದೀರಲ್ಲ!

ಕಹಿಬೇವು:
ಸಂಸ್ಥೆಯ ಪರ ಅಲ್ಲ, ಬಣ್ಣದ ಪರ.

ಆಟದಟೀಚರ್:
ತಡವಾಗಿ ಬಂದೆ. ಆಸ್ಪತ್ರೆಯಲ್ಲಿ ಮಕ್ಕಳನ್ನು ಆಟದ ಮೂಲಕ ಚಿಕಿತ್ಸೆಗೆ ತಯಾರು ಮಾಡುವುದು ನನ್ನ ಕೆಲಸ. ಗೊಂಬೆಗಳನ್ನು ಎಲ್ಲರೂ ಸೇರಿ ಓಡಿಸಿಬಿಟ್ಟಿರಿ, ನಾನು ಸ್ವಲ್ಪ ಗೊಂಬೆ ಪರ ಮಾತಾಡ್ತೀನಿ. ಮುಖ ಇಲ್ಲದ, ಬಿಳಿ ಬಟ್ಟೆಯ ಗೊಂಬೆ ನಮಗೆ ತುಂಬಾ ಉಪಯೋಗ. ಮಗುವೇ ಅದಕ್ಕೆ ಮುಖ ಬರೆಯುತ್ತದೆ. ಸ್ಕೆಚ್ ಪೆನ್ನಿನಿಂದ ಎಲ್ಲಿ ನೋವು ಅಂತ ತೋರಿಸುತ್ತದೆ. ಗೊಂಬೆಗೆ ಬ್ಯಾಂಡೇಜ್ ಕಟ್ಟಿ, ಸೂಜಿ ಇಲ್ಲದ ಸಿರಿಂಜ್ ಹಿಡಿದು ಇಂಜೆಕ್ಷನ್ ಕೊಡುತ್ತದೆ, ಬೈಯುತ್ತದೆ, ಆಮೇಲೆ ಸಮಾಧಾನ ಮಾಡುತ್ತದೆ. ಬಾಯಲ್ಲಿ ಹೇಳದ್ದು ಅಲ್ಲಿ ಹೊರಗೆ ಬರುತ್ತದೆ. ಹೊಲಿಯಲು ಬರುವವರು ನಿಮ್ಮ ತಂಡದಲ್ಲಿದ್ದರೆ ಹೊಸ ಬಟ್ಟೆಯಲ್ಲಿ ಮಾಡಿ, ಮಣಿ, ಗುಂಡಿ, ದಾರದ ಕೂದಲು ಏನೂ ಬೇಡ.

ಗುಳ್ಳೆ ಊದುವ ಸೋಪಿನ ನೀರಿನ ಡಬ್ಬಿ ಕೂಡ ಒಳ್ಳೆಯದು. ಸೂಜಿ ಹಾಕುವಾಗ ಉದ್ದಕ್ಕೆ ಉಸಿರು ಬಿಡಿಸಬೇಕು, ಗುಳ್ಳೆ ಊದಿದರೆ ತಾನಾಗೇ ಆಗುತ್ತದೆ. ಗಮನವನ್ನು ಬೇರೆ ಕಡೆ ತಿರುಗಿಸಿದರೆ ಸೂಜಿಯ ನೋವು ಕಮ್ಮಿ ಅನ್ನಿಸುತ್ತದೆ, ಇದರ ಮೇಲೆ ಬಹಳ ಅಧ್ಯಯನ ಆಗಿದೆ. ಆದರೆ ಡಬ್ಬಿ ಒಬ್ಬರಿಗೆ ಒಂದೇ, ಹಂಚಿಕೊಳ್ಳುವ ಹಾಗಿಲ್ಲ. ಚರ್ಮ ಜೋಮು ಹಿಡಿಸುವ ಕ್ರೀಮ್ ಕೂಡ ಇದೆ, ಅದಕ್ಕೆ ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ಪೋಷಕರು ಕೇಳಿದರೆ ತುಂಬಾ ಕಡೆ ಕೊಡುತ್ತಾರೆ, ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ಚೀಲದಲ್ಲಿ ಒಂದು ಚೀಟಿ ಹಾಕಿ.

ಮತ್ತೆ, ವಾರ್ಡ್‌ಗೆ ಬರುವ ನಿಮ್ಮ ಹುಡುಗಿಯರಿಗೆ ಹೇಳಿ: "ನೋವಾಗಲ್ಲ ಪುಟ್ಟಾ" ಅಂತ ಯಾರಿಗೂ ಹೇಳಬೇಡಿ. ನೋವಾಗುತ್ತದೆ. ಒಂದು ಸಲ ಸುಳ್ಳು ಅಂತ ಗೊತ್ತಾದರೆ ಆಮೇಲೆ ನಮ್ಮ ಮಾತನ್ನೂ ನಂಬಲ್ಲ.

ಗುಬ್ಬಿಗೂಡು:
@ಆಟದಟೀಚರ್ ಮೇಡಂ, ಇದನ್ನು ಓದಿ ನಮ್ಮ ಗುಂಪಿನಲ್ಲಿ ಹಾಕಿದೆ. ಒಬ್ಬಳಿಗೆ ಹೊಲಿಗೆ ಬರುತ್ತದೆ. ಡ್ರಿಪ್ ಬಾಟಲಿ ಕಾಣದ ಹಾಗೆ ಮುಚ್ಚುವ ಕರಡಿ ಚೀಲ ಅಂತ ಎಲ್ಲೋ ನೋಡಿದ್ದೆ, ಅದೂ ಮಾಡಬಹುದಾ?

ಆಟದಟೀಚರ್:
ಅದು ಅಮೆರಿಕದ ಒಬ್ಬ ಹುಡುಗಿಯ ಯೋಚನೆ. ಅವಳಿಗೂ ರಕ್ತದ ಕಾಯಿಲೆ ಇತ್ತು, ಡ್ರಿಪ್ ನೋಡಿ ನೋಡಿ ಹೆದರಿ ಮೆಡಿ ಟೆಡ್ಡಿ ಅಂತ ಮಾಡಿದಳು. ಮಗುವಿಗೆ ಕರಡಿ ಕಾಣುತ್ತದೆ, ಹಿಂದೆ ಜಾಲರಿ ಇರುವುದರಿಂದ ನರ್ಸ್‌ಗೆ ಔಷಧಿ ಕಾಣುತ್ತದೆ. ಆ ಜಾಲರಿಯೇ ಮುಖ್ಯ. ಸಿಸ್ಟರ್‌ಗೆ ಮಾದರಿ ತೋರಿಸದೆ ಹೊಲಿಯಬೇಡಿ.

ರಾತ್ರಿಪಾಳಿ:
ಹೌದು. ಬಾಟಲಿಯ ಲೇಬಲ್ ನನಗೆ ಓದೋಕೆ ಬರಲಿಲ್ಲ ಅಂದರೆ ಕರಡಿಯನ್ನು ಮೊದಲು ಕಿತ್ತು ಹಾಕೋದು ನಾನೇ.

ನಿಂಬೆಹುಳಿ:
ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ಕೊಟ್ಟವರಿಗೆ ಎಲ್ಲಿಗೆ ಹೋಯ್ತು ಅಂತ ಗೊತ್ತಾಗಬೇಕು ಅಲ್ವಾ? ಫೋಟೋ ಇಲ್ಲದಿದ್ದರೆ ನಂಬೋದು ಹೇಗೆ?

ದಡ್ಡಮ್ಮ:
@ನಿಂಬೆಹುಳಿ ನನ್ನ ಮಗ ಮುಖ ಊದಿಕೊಂಡು, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಫೋಟೋ ಯಾರದೋ ಮೊಬೈಲ್‌ನಲ್ಲಿ ಇದೆ. ನಾನು ಬೇಡ ಅನ್ನಲಿಲ್ಲ. ಕೈಯಲ್ಲಿ ಅವರು ಕೊಟ್ಟ ವಸ್ತು ಇತ್ತು, ಹೇಗೆ ಅನ್ನಲಿ? ಈಗ ಅವನು ಹೈಸ್ಕೂಲು. ಆ ಫೋಟೋ ಅವನ ತರಗತಿಯವರಿಗೆ ಸಿಕ್ಕಿತು. ಇಷ್ಟು ಸಾಕು ಅನ್ಕೋತೀನಿ.

ನಿಂಬೆಹುಳಿ:
ಕ್ಷಮಿಸಿ ಅಕ್ಕ. ಹಾಗೆ ಯೋಚಿಸಿರಲಿಲ್ಲ.

ಲೆಕ್ಕಪತ್ರ:
ಚೀಲ ತುಂಬುವಾಗಿನ ಫೋಟೋ ತೆಗೆಯಿರಿ, ಮಕ್ಕಳದ್ದು ಬೇಡ. ಜೊತೆಗೆ ಇಷ್ಟು ಬಂತು ಅಂತ ವಾರ್ಡ್‌ನಿಂದ ಮುದ್ರೆ ಹಾಕಿದ ಒಂದು ಕಾಗದ. ನಂಬಿಕೆಗೆ ಅದು ಫೋಟೋಗಿಂತ ಗಟ್ಟಿ.

ಬಾಲಬಿಚ್ಚಿ:
ಕೋಣೆ ತುಂಬಿರುವ ಹಳೇ ಗೊಂಬೆಗಳನ್ನು ಏನು ಮಾಡ್ತೀರಿ? ಬೀದಿನಾಯಿ ನೋಡಿಕೊಳ್ಳುವ ಆಶ್ರಯಗಳಿಗೆ ಕೇಳಿ ನೋಡಿ. ಮರಿಗಳು ಗೊಂಬೆ ತಬ್ಬಿಕೊಂಡು ಮಲಗುತ್ತವೆ. ಕಣ್ಣು, ಗುಂಡಿ, ಮಣಿ ಎಲ್ಲ ಕಿತ್ತು ಕೊಡಬೇಕು, ನುಂಗಿಬಿಡುತ್ತವೆ.

ಅಂಚೆಪೆಟ್ಟಿಗೆ:
ನಾಯಿಮರಿ ಫೋಟೋ ಮಾತ್ರ ಖಂಡಿತ ಹಾಕಿ. ಅವುಗಳಿಗೆ ಹೈಸ್ಕೂಲ್ ಇಲ್ಲ.

ರಾತ್ರಿಪಾಳಿ:
ಇನ್ನೊಂದು ವಿಷಯ, ಮರೆಯೋ ಮುಂಚೆ. ವಾರ್ಡ್‌ಗೆ ಬರುವ ಹುಡುಗಿಯರು ದಡಾರ, ಸೀತಾಳೆ ಸಿಡುಬಿನ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಸೀತಾಳೆಯಲ್ಲಿ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಬೇರೆಯವರಿಗೆ ಹರಡುತ್ತದೆ. ಅಂದರೆ ತನಗೆ ಬಂದಿದೆ ಅಂತ ಗೊತ್ತಾಗುವ ಮೊದಲೇ ಹಂಚಿ ಆಗಿರುತ್ತದೆ. ಕೀಮೋ ಮಗುವಿಗೆ ಅದು ಪ್ರಾಣಕ್ಕೇ ತೊಂದರೆ. ಬರೀ ನೆಗಡಿ ಅಂದರೂ ಅವತ್ತು ಬರಬೇಡಿ. ತುಂಬಾ ಆಸ್ಪತ್ರೆಗಳು 18 ಆಗದವರನ್ನು ವಾರ್ಡ್ ಒಳಗೆ ಸ್ವಯಂಸೇವಕರಾಗಿ ಬಿಡುವುದೇ ಇಲ್ಲ, ಅದಕ್ಕೂ ಬೇಜಾರು ಮಾಡಿಕೊಳ್ಳಬೇಡಿ. ಹೊರಗೆ ಮಾಡುವ ಕೆಲಸ ಬೇಕಾದಷ್ಟಿದೆ.

ಗುಬ್ಬಿಗೂಡು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅದೇ ಸಿಸ್ಟರ್ ಹತ್ತಿರ ಹೋಗಿ, ನಿಮಗೆ ಏನು ಬೇಕು ಹೇಳಿ ಅಂತ ಕೇಳಿದೆ. ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಒಂದು ಹಾಳೆ ತುಂಬಾ ಬರೆದುಕೊಟ್ಟರು. ಮುಂದೆ ಗುಂಡಿ ಇರುವ ಅಂಗಿ (ತಲೆ ಮೇಲಿಂದ ಹಾಕೋದಾದರೆ ಲೈನ್ ಸಿಕ್ಕಿಕೊಳ್ಳುತ್ತದೆ), ಕೂದಲು ಉದುರಿದವರಿಗೆ ಹತ್ತಿಯ ಟೋಪಿ, ಒರೆಸಲು ಬರುವ ದಪ್ಪ ಹಾಳೆಯ ಪುಸ್ತಕ, ಅಮ್ಮಂದಿರಿಗೆ ಬ್ರಷ್ ಪೇಸ್ಟ್, ಬಣ್ಣದ ಪೆನ್ಸಿಲ್ ಚಿಕ್ಕ ಪ್ಯಾಕ್. ಆಟದ ಕೋಣೆಗೆ ಒಂದು ಗಾಡಿ ಬೇಕಂತೆ, ಚಕ್ರ ಇರುವುದು. ಚಾಕೊಲೇಟ್ ಪಟ್ಟಿಯಲ್ಲಿ ಇಲ್ಲ.

ಹದಿನಾಲ್ಕರಲ್ಲಿ:
ಕಣ್ಣಿನ ಪಟ್ಟಿ?

ಗುಬ್ಬಿಗೂಡು:
ನಾನೇ ಸೇರಿಸಿದೆ ಅಣ್ಣ. ಒಪ್ಪಿದರು. ವೈರಿಗೆ ಒಪ್ಪಲಿಲ್ಲ.

ರಾತ್ರಿಪಾಳಿ:
ಪೆನ್ಸಿಲ್ ಜೊತೆ ಶಾರ್ಪನರ್ ಹಾಕಬೇಡ, ಬ್ಲೇಡ್ ಇರುತ್ತದೆ. ತಿರುಗಿಸಿದರೆ ಮೇಲೆ ಬರುವ ಮೇಣದ ಬಣ್ಣ ಸಿಗುತ್ತದೆ, ಅದನ್ನು ನೋಡು.

ಲೆಕ್ಕಪತ್ರ:
ಗಾಡಿ ನಾನು ಕೊಡಿಸುತ್ತೇನೆ. ಅಳತೆ ಕೇಳಿಕೊಂಡು ಬಾ, ಲಿಫ್ಟ್‌ಗೆ ಹಿಡಿಸಬೇಕಲ್ಲ. ರಸೀದಿ ವಾರ್ಡ್ ಹೆಸರಿಗೇ ಇರಲಿ. ಆಸ್ಪತ್ರೆ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡ, ಖಾಸಗಿ ಸಂದೇಶ ಕಳಿಸು.